ಪ್ರೂಡೆನ್ಸಮ್ಮನ ಗಂಡನಿಗೆ ಸರಕಾರಿ ಕೆಲಸ

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಮನೆಗೆ ಬಂದವರು ಬಾಗಿಲ ಬಳಿ ಬಗ್ಗಿ ಶೂ ಬಿಚ್ಚುವಾಗ ಅವರ ಮೂಗಿನ ಎದುರಿಗೇ ಒಂದು ಚೌಕಟ್ಟು ಬರುತ್ತದೆ. ಗಾಜಿನೊಳಗೆ ಒಂದು ಓಕ್ ಮರದ ಚಿತ್ರ. ಮರದ ಕೊಂಬೆ ಕೊಂಬೆಗೂ ಹೆಸರುಗಳು. ಬುಡದಲ್ಲಿ ದಪ್ಪ ಅಕ್ಷರಗಳಲ್ಲಿ, ಇದು ಗವರ್ನರ್ ಜೋಸೈಯಾ ಹಾರ್ಕ್‌ವುಡ್ ಅವರ ವಂಶವೃಕ್ಷ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಬಂದವರು ಒಂದು ಕಾಲಿನ ಶೂ ಬಿಚ್ಚಿ, ಇನ್ನೊಂದು ಕಾಲನ್ನು ಎತ್ತಿಕೊಂಡೇ ಕೇಳುತ್ತಾರೆ, “ಇದ್ಯಾರು?”

ಬೆಂಗಳೂರಿನ ಗೆಳೆಯನೊಬ್ಬ “ಹೊಸ ಅಮೆರಿಕನ್ ಕ್ಲೈಂಟಾ?” ಅಂದ. ಅವನಿಗೆ ಪ್ರಪಂಚದಲ್ಲಿ ಕಾಣುವ ಅಮೆರಿಕನ್ನರೆಲ್ಲ ಕ್ಲೈಂಟುಗಳೇ. ಈಸ್ಟ್ ಹ್ಯಾಮ್‌ನಲ್ಲಿ ಹೋಟೆಲು ಇಟ್ಟಿರುವ ನಮ್ಮ ಊರಿನವರೊಬ್ಬರು ಮಾತ್ರ ನಿಜಕ್ಕೂ ಗಾಬರಿಯಾದರು. “ಹಿಂದಿನ್ ಓನರ್‌ದಾ? ತೆಗ್ದ್ ಹಾಕ್ ಮಾರಾಯ. ಬ್ಯಾರೆಯವ್ರ್ ಪಿತೃಗಳನ್ನ ಮನಿಯಂಗ್ ಇಟ್ಕಂಬುಕಾಗ” ಎಂದು ಎಚ್ಚರಿಸಿ, ಊಟ ಮುಗಿಸಿ ಹೊರಡುವಾಗ ಗವರ್ನರ್ ಸಾಹೇಬರ ಕಡೆಗೆ ನೋಡದೆ ಶೂ ಹಾಕಿಕೊಂಡರು.

ಎರಡನೆಯ ಪ್ರಶ್ನೆ ಎಲ್ಲರದೂ ಒಂದೇ. “ಇಷ್ಟು ಕೆಳಗ್ಯಾಕೆ ಹಾಕಿದೀರಿ?” ಮೊದಲ ಪ್ರಶ್ನೆಗೆ ಉತ್ತರ ಕೊಡಲು ಒಂದು ಲೋಟ ಕಾಫಿಯಾದರೂ ಬೇಕು. ಎರಡನೆಯದಕ್ಕೆ ಊಟವೇ ಆಗಬೇಕು. ನೀವು ಆರಾಮಾಗಿ ಕೂತಿದ್ದೀರಿ ಎಂದುಕೊಂಡು ಎರಡನ್ನೂ ಹೇಳಿಬಿಡುತ್ತೇನೆ.

ಅದಕ್ಕೂ ಮೊದಲು ನಮ್ಮ ಅಮ್ಮನ ಒಂದು ಚಟದ ಬಗ್ಗೆ ಹೇಳಬೇಕು. ನಾವು ಕುಂದಾಪುರ ಕಡೆಯ ಬಂಟರು. ನಮ್ಮಲ್ಲಿ ‘ಬಳಿ’ ಎಂದು ಒಂದಿದೆ. ಬೇರೆಯವರಿಗೆ ಗೋತ್ರ ಇದ್ದ ಹಾಗೆ. ಆದರೆ ಗೋತ್ರ ಅಪ್ಪನಿಂದ ಬಂದರೆ ಬಳಿ ಬರುವುದು ಅಮ್ಮನಿಂದ. ಅಜ್ಜಿಯದು ಅಮ್ಮನಿಗೆ, ಅಮ್ಮನದು ಮಕ್ಕಳಿಗೆ. ಮಕ್ಕಳಲ್ಲಿ ಹೆಣ್ಣಾದರೆ ಮುಂದಕ್ಕೆ ಹೋಗುತ್ತದೆ, ಗಂಡಾದರೆ ಅಲ್ಲಿಗೆ ನಿಂತಿತು. ಹಿಂದೆ ಮನೆ, ಗದ್ದೆ, ಯಜಮಾನಿಕೆಯೂ ಹಾಗೇ, ಮಾವನಿಂದ ತಂಗಿಯ ಮಗನಿಗೆ ಹೋಗುತ್ತಿತ್ತು. ಕಾನೂನು ಬದಲಾಗಿ ಬಹಳ ಕಾಲವಾಯಿತು. ಆ ಸುದ್ದಿ ಅಮ್ಮನಿಗೂ ಮುಟ್ಟಿದೆ. ಅವಳು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಯಾರೇ ಹೊಸಬರು ಸಿಕ್ಕಲಿ, ಹೆಸರು ಕೇಳಿದ ಮೇಲೆ ಅಮ್ಮನ ಮುಂದಿನ ಮಾತು “ನಿಮ್ದ್ ಯಾವ್ ಬಳಿ?” ಜಾತಿ, ಭಾಷೆ, ದೇಶ ಯಾವುದೂ ಅವಳಿಗೆ ಅಡ್ಡ ಬರುವುದಿಲ್ಲ. ಪ್ರಪಂಚದ ಎಲ್ಲರಿಗೂ ಬಳಿ ಇದ್ದೇ ಇದೆ, ಕೆಲವರಿಗೆ ಗೊತ್ತಿಲ್ಲ ಅಷ್ಟೆ ಎಂಬುದು ಅವಳ ನಂಬಿಕೆ. ಲಂಡನ್ನಿಗೆ ಮೊದಲ ಸಲ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಅವಳ ವೀಲ್‌ಚೇರ್ ತಳ್ಳಿಕೊಂಡು ಬಂದ ಪಂಜಾಬಿ ಹುಡುಗನನ್ನೂ ನನ್ನ ಮೂಲಕ ಕೇಳಿಸಿದಳು. ನಾನು ತಡವರಿಸಿ “ನಿನ್ನ ಮೂಲ ಯಾವುದು ಅಂತ ಕೇಳ್ತಿದ್ದಾರೆ” ಎಂದೆ. ಅವನು “ಸೌತಾಲ್, ಆಂಟೀಜಿ” ಎಂದು ಲಂಡನ್ನಿನದೇ ಒಂದು ಬಡಾವಣೆಯ ಹೆಸರು ಹೇಳಿದ. ಅಮ್ಮ ತೃಪ್ತಿಯಿಂದ ತಲೆಯಾಡಿಸಿದಳು.

ನಾನು ಬೆಳೆದದ್ದು ಅಮ್ಮನ ತಾಯಿಮನೆಯಲ್ಲಿ. ಅಪ್ಪ ಹುಬ್ಬಳ್ಳಿಯ ಬ್ಯಾಂಕಿನಲ್ಲಿದ್ದು ರಜೆಗೆ ಬರುತ್ತಿದ್ದ. ಬಂದಾಗ ಅವನಿಗೆ ದೊಡ್ಡ ತುಂಡು ಮೀನು, ಮೊದಲ ಪಂಕ್ತಿ, ಒಗೆದ ಟವೆಲ್. ಮನೆಯ ವಿಷಯದಲ್ಲಿ ಮಾತ್ರ ಅವನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಅದೆಲ್ಲ ಸೋದರಮಾವನ ಇಲಾಖೆ. ಅಪ್ಪನಿಗೂ ಅದರಿಂದ ಬೇಸರವಿದ್ದ ಹಾಗೆ ಕಾಣಲಿಲ್ಲ. ಜಗುಲಿಯಲ್ಲಿ ಕೂತು ಪೇಪರ್ ಓದಿ, ನಮಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಸಂತೋಷವಾಗಿ ವಾಪಸು ಹೋಗುತ್ತಿದ್ದ. ಗೌರವಾನ್ವಿತ ಅತಿಥಿಯಾಗಿರುವುದು ಹೇಗೆ ಎಂದು ನಾನು ಕಲಿತದ್ದು ಅವನಿಂದಲೇ. ಈಗ ನನ್ನ ಮನೆಯಲ್ಲಿ ಅದು ಉಪಯೋಗಕ್ಕೆ ಬರುತ್ತಿದೆ.

ಸಂಜೆ ಅಮ್ಮ ಅಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಸಿಕ್ಕು ಬಿಡಿಸುವಾಗ ಅಕ್ಕ ಅಳಬಾರದೆಂದು ಹೆಸರು ಹೇಳಿಸುವುದು. ದುಗ್ಗಮ್ಮ, ದುಗ್ಗಮ್ಮನ ಮಗಳು ಅಕ್ಕಣಿ, ಅಕ್ಕಣಿಯ ಮಗಳು ಮುತ್ತಕ್ಕ, ಮುತ್ತಕ್ಕನ ಮಗಳು ಗುಲಾಬಿ, ಅಂದರೆ ನಮ್ಮಮ್ಮ. ಆಮೇಲೆ ಅಕ್ಕನ ಹೆಸರು. ಜಡೆಯ ತುದಿಗೆ ರಿಬ್ಬನ್ ಬೀಳುವ ಹೊತ್ತಿಗೆ ವಂಶವೂ ಮುಗಿಯಬೇಕು. ನಾನೂ ಪಕ್ಕದಲ್ಲಿ ನಿಂತು ಜೊತೆಗೆ ಹೇಳುತ್ತಿದ್ದೆ. “ನಿಂಗ್ ಎಂತಕ್ಕ್ ಅದ್? ಹೋಯಿ ಓದ್ಕೊ” ಎಂದು ಅಮ್ಮ ಓಡಿಸುತ್ತಿದ್ದಳು. ಮಗ್ಗಿ ಮರೆತಿದ್ದೇನೆ. ಕಂಬದ ಹಿಂದೆ ನಿಂತು ಕೇಳಿದ ಆ ಹೆಸರುಗಳು ಮರೆತಿಲ್ಲ.

ಇನ್ನು ಹ್ಯಾರಿಯೆಟ್. ಅವರು ನಮ್ಮ ಪಕ್ಕದ ಮನೆಯವರು. ಎಂಬತ್ತು ದಾಟಿದ ಅಮೆರಿಕನ್ ಹೆಂಗಸು. ಪ್ರಾಯದಲ್ಲಿ ಟಾಮ್ ಎಂಬ ಇಂಗ್ಲಿಷ್ ರೈಲ್ವೆ ಎಂಜಿನಿಯರನನ್ನು ಮದುವೆಯಾಗಿ ಕಿಂಗ್ಸ್‌ಬರಿಗೆ ಬಂದವರು, ಟಾಮ್ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಮಕ್ಕಳಿಲ್ಲ. ನಾನು ಅಕ್ಸ್‌ಬ್ರಿಡ್ಜ್‌ನ ಆಫೀಸು ಬಿಟ್ಟು, ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬ್ ರೈಲು ಬದಲಿಸಿ ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ನನ್ನ ಹೆಂಡತಿ ಸ್ಮಿತಾಳದೂ ಅದೇ ಕಥೆ. ಹಾಗಾಗಿ ನಮ್ಮ ಮಗಳು ಚಾರ್ವಿ ನರ್ಸರಿಗೆ ಸೇರಿದ ದಿನದಿಂದ ಶಾಲೆ ಬಿಟ್ಟ ಮೇಲೆ ಹ್ಯಾರಿಯೆಟ್ ಮನೆಯಲ್ಲೇ ಇರುತ್ತಾಳೆ. ಅವಳು ಅವರನ್ನು ಗ್ರ್ಯಾನ್ ಎನ್ನುತ್ತಾಳೆ. ಬರೆಯಲು, ಬಾಳೆಹಣ್ಣಿನ ಕೇಕು ಮಾಡಲು, ಇಸ್ಪೀಟಿನಲ್ಲಿ ಮೋಸ ಮಾಡಲು ಕಲಿತದ್ದೆಲ್ಲ ಅಲ್ಲೇ.

ಕಳೆದ ವರ್ಷ ಬೇಸಗೆಯಲ್ಲಿ ಅಮ್ಮ ಬಂದಳು. ಬಂದ ವಾರವೇ ಹ್ಯಾರಿಯೆಟ್ ನಮ್ಮೆಲ್ಲರನ್ನೂ ಚಹಾಕ್ಕೆ ಕರೆದರು. ಅಮ್ಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಇಂಗ್ಲಿಷ್ ಓದುತ್ತಾಳೆ, ಮಾತಾಡಬೇಕಾದಾಗ ಮಾತ್ರ ನನ್ನನ್ನು ಮುಂದಕ್ಕೆ ತಳ್ಳುತ್ತಾಳೆ. ಫ್ರಂಟ್ ರೂಮಿಗೆ ಕಾಲಿಟ್ಟವಳೇ ನನ್ನ ಕಡೆ ತಿರುಗಿ, “ಅವ್ರದ್ ಯಾವ್ ಬಳಿ ಕೇಳ್” ಎಂದಳು. ನಾನು ಕೇಳಿದೆ. ಹ್ಯಾರಿಯೆಟ್ ಒಂದು ಕ್ಷಣ ಯೋಚಿಸಿ, ಗೋಡೆಯ ಮೇಲಿದ್ದ ಈ ಓಕ್ ಮರದ ಕಡೆಗೆ ಕೈ ತೋರಿಸಿದರು.

ಹಾರ್ಕ್‌ವುಡ್ ಎಂಬುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ದೊಡ್ಡ ರಾಜಕೀಯ ಮನೆತನವಂತೆ. ಜೋಸೈಯಾ ಒಂದು ರಾಜ್ಯಕ್ಕೆ ಗವರ್ನರ್ ಆಗಿದ್ದರು. ಅವರ ಮಗ ನಥಾನಿಯಲ್ ಸೆನೆಟರ್. ಅವನ ಮಗ ಇನ್ನೊಬ್ಬ ಜೋಸೈಯಾ, ಜಡ್ಜ್. ಅವನ ಮಗ ಇನ್ನೊಬ್ಬ ನಥಾನಿಯಲ್. ಹೀಗೆ ಎರಡೇ ಹೆಸರುಗಳನ್ನು ತಿರುಗಿಸಿ ಮುರುಗಿಸಿ ಇಟ್ಟುಕೊಂಡು ಅವರು ಎಷ್ಟೋ ಚುನಾವಣೆ ಗೆದ್ದಿದ್ದಾರೆ. ಹ್ಯಾರಿಯೆಟ್ ಮದುವೆಯಾಗಿ ಸಮುದ್ರ ದಾಟುವಾಗ ಅವರ ಅಮ್ಮ ಈ ಚಿತ್ರವನ್ನು ಕೈಗೆ ಕೊಟ್ಟು, ನೀನು ಯಾರೆಂದು ಮರೆಯಬೇಡ ಎಂದಿದ್ದರಂತೆ.

ಅಮ್ಮ ಸೋಫಾದಲ್ಲಿ ಕೂರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮರದ ಹತ್ತಿರ ಹೋಗಿ ಬೆರಳಿಟ್ಟು ಓದತೊಡಗಿದಳು. ಓದುತ್ತ ಓದುತ್ತ ಅವಳ ಮುಖ ಅರಳಿತು.

“ಇಲ್ಕಾಣ್ ಮಗಾ, ನಮ್ಮ ಹಾಂಗೇ! ಇವ್ರ್ ಜೋಸೈಯಾ, ಮನಿ ಯಜಮಾನ್ರ್. ಬದಿಯಂಗೆ ಪ್ರೂಡೆನ್ಸ್, ಅವ್ರ್ ತಂಗಿ. ತಂಗಿ ಮಗ ನಥಾನಿಯಲ್, ಅವಂಗ್ ಮಾವನ್ ಅಧಿಕಾರ ಬಂತ್. ನಥಾನಿಯಲ್ ತಂಗಿ ಇವ್ಳ್, ಅವ್ಳ್ ಮಗ ಜಡ್ಜ್. ಎಷ್ಟ್ ಸಮಾ ನಡ್ಸ್ಕಂಡ್ ಬಂದಿದ್ರ್ ಕಾಣ್!”

ಚಿತ್ರದಲ್ಲಿ ಗಂಡ ಹೆಂಡತಿಯರ ಹೆಸರುಗಳನ್ನು ಪಕ್ಕ ಪಕ್ಕ ಬರೆದು, ನಡುವೆ ಜೋಡಿ ಗೆರೆ ಹಾಕಿದ್ದರು. ಒಂದು ಮನೆತನದ ಚಿತ್ರದಲ್ಲಿ ಯಜಮಾನನ ಪಕ್ಕದಲ್ಲಿ ಹೆಂಗಸಿನ ಹೆಸರಿದ್ದರೆ ಅದು ತಂಗಿಯದಲ್ಲದೆ ಇನ್ಯಾರದು? ಹೆಂಡತಿ ಬೇರೆ ಮನೆಯವಳು. ಅವಳಿಗೆ ಇಲ್ಲೇನು ಕೆಲಸ? ಅಮ್ಮನಿಗೆ ಇದು ಹಗಲಿನಷ್ಟು ಸ್ಪಷ್ಟವಾಗಿತ್ತು. ತಮಾಷೆಯೆಂದರೆ ಅವಳು ಹೇಳಿದ ಹಾಗೆ ಓದಿದರೆ ಎಲ್ಲೂ ಲೆಕ್ಕ ತಪ್ಪುತ್ತಿರಲಿಲ್ಲ. ಗವರ್ನರನಿಂದ ಜಡ್ಜಿನವರೆಗೆ ಇಡೀ ಹಾರ್ಕ್‌ವುಡ್ ವಂಶ ಸಲೀಸಾಗಿ ಕುಂದಾಪುರದ ಕಡೆಯದಾಗಿಬಿಟ್ಟಿತ್ತು.

“ಏನು ಹೇಳ್ತಿದ್ದಾರೆ?” ಎಂದು ಹ್ಯಾರಿಯೆಟ್ ಕುತೂಹಲದಿಂದ ಕೇಳಿದರು.

ನಾನು ಬಾಯಿ ತೆರೆದೆ. “ಅಪ್ಪಾ, ಡೋಂಟ್ ಟ್ರಾನ್ಸ್‌ಲೇಟ್ ದಟ್” ಎಂದಳು ಚಾರ್ವಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಗಂಟಲು ಸರಿಮಾಡಿಕೊಂಡು “ನಿಮ್ಮ ಮನೆತನ ನಮ್ಮದರ ಹಾಗೇ ಇದೆ ಅಂತಾರೆ” ಎಂದು ಸಂಭಾವಿತನಾಗಿ ಅನುವಾದಿಸಿದೆ. ಆದರೆ ನನಗೆ ಬೇಡವೆಂದ ಮಗಳೇ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಗವರ್ನರ್ ದಂಪತಿಗಳು ಅಣ್ಣ ತಂಗಿಯಾದದ್ದು, ಸೆನೆಟರ್ ದಂಪತಿಗಳೂ ಅದೇ ದಾರಿ ಹಿಡಿದದ್ದು. ಹ್ಯಾರಿಯೆಟ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ನಮ್ಮ ಮನೆಯವರ ಒಂದೇ ಅಚ್ಚಿನ ಗದ್ದಗಳನ್ನು ನೋಡಿದರೆ ಅದು ನಿಜವೇ ಇರಬಹುದು ಅಂತ ಹೇಳಿ ಅವರಿಗೆ” ಎಂದರು.

ಅವರು ಗಂಡ ಹೆಂಡತಿಯರೆಂದು ನಾನು ವಿವರಿಸಿದಾಗ ಅಮ್ಮನಿಗೆ ನಗು ಬರಲಿಲ್ಲ. “ಹಾಂಗಾರೆ ಅಪ್ಪನ್ ಕುರ್ಚಿಗೆ ಮಗ ಹೋಯಿ ಕೂಕಂಡದ್ದಾ?” ಎಂದಳು, ಅದೇನೋ ಮರ್ಯಾದೆಗೆಟ್ಟ ಕೆಲಸವೆಂಬಂತೆ. ಮತ್ತೆ ಮರದ ಕಡೆ ತಿರುಗಿ, ನಥಾನಿಯಲ್ ಪಕ್ಕದಲ್ಲಿದ್ದ ಒಂದು ಸಣ್ಣ ಎಲೆಯ ಮೇಲೆ ಬೆರಳಿಟ್ಟಳು. ಅಲ್ಲಿ ಅಬಿಗೇಲ್ ಎಂದಿತ್ತು. ಹೆಸರಿನ ಮುಂದೆ ಒಂದು ಗೀಟು. ಅಷ್ಟೆ. ಇನ್ನುಳಿದ ಹೆಣ್ಣುಮಕ್ಕಳ ಎಲೆಗಳೂ ಹಾಗೇ, ಹೆಸರು, ಗೀಟು.

“ಇದ್ ಮಗ್ಳಲ್ದಾ? ಗೀಟ್ ಎಂತಕ್ಕ್? ಪಾಪ, ಸಣ್ಣ ಪ್ರಾಯ್ದಲ್ಲೇ ಹೋಯ್ಬಿಟ್ಳಾ?”

ಇದನ್ನು ನಾನು ಇದ್ದ ಹಾಗೇ ಅನುವಾದಿಸಿದೆ. ಹ್ಯಾರಿಯೆಟ್ ಚಹಾದ ಕಪ್ಪನ್ನು ಕೆಳಗಿಟ್ಟರು. “ಇಲ್ಲ, ತೊಂಬತ್ತು ದಾಟಿ ಬದುಕಿದ್ದರು. ನನ್ನ ಅಮ್ಮನಿಗೆ ಕೆರೆಯಲ್ಲಿ ಈಜು ಕಲಿಸಿದ್ದು ಅವರೇ. ಆ ಗೀಟಿನ ಮರಿಮಗಳು ನಾನು” ಎಂದರು.

ಆಮೇಲೆ ನಿಧಾನವಾಗಿ ವಿಷಯ ಹೊರಬಂತು. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳ ಲೆಕ್ಕವನ್ನು ಆ ಮನೆಯವರು ಗೀಟು ಹಾಕಿ ಮುಗಿಸಿಬಿಡುತ್ತಾರೆ. ಈಗ ಅಮೆರಿಕದಲ್ಲಿ ಹಾರ್ಕ್‌ವುಡ್‌ಗಳೆಲ್ಲ ಸೇರುವ ಒಂದು ಸಮಾರಂಭಕ್ಕಾಗಿ ಮರವನ್ನು ಹೊಸದಾಗಿ ಅಚ್ಚು ಹಾಕಿಸುತ್ತಿದ್ದರು. ಅಬಿಗೇಲಳ ಮುಂದೆ ತನ್ನ ಅಜ್ಜಿ, ಅಮ್ಮ, ತಾನು, ಈ ಮೂರು ಹೆಸರು ಸೇರಿಸಿ ಎಂದು ಹ್ಯಾರಿಯೆಟ್ ಅಲ್ಲಿನ ನೆಂಟರೊಬ್ಬರನ್ನು ಕೇಳಿಕೊಂಡಿದ್ದರು. ಬಹಳ ಸಭ್ಯವಾದ ಇಮೇಲ್ ಬಂದಿತ್ತು. ಮನೆತನದ ಹೆಸರಿಟ್ಟುಕೊಂಡವರನ್ನು ಮಾತ್ರ ಸೇರಿಸುವುದು ಮೊದಲಿನಿಂದ ಬಂದ ಕ್ರಮ, ತಮಗೆ ಅರ್ಥವಾಗುತ್ತದೆಂದು ನಂಬಿದ್ದೇವೆ ಎಂದು.

“ಅರ್ಥ ಆಗುತ್ತೆ, ಅದೇ ತೊಂದರೆ” ಎಂದರು ಹ್ಯಾರಿಯೆಟ್. “ಈ ವಯಸ್ಸಿನಲ್ಲಿ ಇದೆಲ್ಲ ಏನು ಮಹಾ, ಅಲ್ಲವೇ?” ಎಂದೂ ಸೇರಿಸಿದರು. ಆದರೆ ಅವರ ದನಿ ಬೇರೆಯೇ ಹೇಳುತ್ತಿತ್ತು. ನೀನು ಯಾರೆಂದು ಮರೆಯಬೇಡ ಎಂದು ಅಮ್ಮ ಕೊಟ್ಟ ಚಿತ್ರದಲ್ಲಿ ಆ ಅಮ್ಮನೂ ಇಲ್ಲ, ಮಗಳೂ ಇಲ್ಲ. ಅದನ್ನು ಅವರು ಇಷ್ಟು ವರ್ಷ ಒರೆಸಿ ಒರೆಸಿ ಗೋಡೆಯ ಮೇಲಿಟ್ಟುಕೊಂಡಿದ್ದರು.

ಅವರ ಗೇಟಿನಿಂದ ನಮ್ಮ ಗೇಟಿಗೆ ಬರುವಷ್ಟರಲ್ಲಿ ಅಮ್ಮ ತೀರ್ಮಾನ ಮಾಡಿಯಾಗಿತ್ತು. “ತೊಂಬತ್ ವರ್ಷ ಬದ್ಕಿದ್ ಹೆಂಗ್ಸಿಗ್ ಗೀಟ್ ಎಳ್ದಿದ್ರಲ್ಲ! ದೊಡ್ಡ ಕಾಗ್ದ ಇತ್ತಾ ಮನಿಯಂಗೆ?”

ದೊಡ್ಡ ಕಾಗದ ಇರಲಿಲ್ಲ. ವಾಲ್‌ಪೇಪರಿನ ಒಂದು ಸುರುಳಿ ಇತ್ತು. ಅದರ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಹಿಂದೊಮ್ಮೆ ಸ್ಮಿತಾ ನಮ್ಮ ಹಾಲ್‌ವೇಗೆ ತಿಳಿಹಸಿರಿನ ಮೇಲೆ ಪುಟ್ಟ ಹಕ್ಕಿಗಳಿರುವ ವಾಲ್‌ಪೇಪರ್ ಆರಿಸಿದ್ದಳು. ಅಂಟಿಸಲು ಕೆಲಸದವರನ್ನು ಕರೆಯೋಣ ಎಂದವಳು ಅವಳು, ಇದೇನು ಮಹಾ ವಿದ್ಯೆ ಎಂದವನು ನಾನು. ಇವತ್ತಿಗೂ ಮೆಟ್ಟಿಲ ಪಕ್ಕದ ಒಂದು ಪಟ್ಟಿಯಲ್ಲಿ ಹಕ್ಕಿಗಳೆಲ್ಲ ತಲೆಕೆಳಗಾಗಿ ಹಾರುತ್ತಿವೆ. ಉಳಿದ ಒಂದು ಸುರುಳಿ ಮೆಟ್ಟಿಲ ಕೆಳಗೆ ಬಿದ್ದುಕೊಂಡಿತ್ತು. ಅದರ ಹಿಂಬದಿ ಬೆಳ್ಳಗೆ, ದಪ್ಪಗೆ, ಬರೆಯಲು ಹೇಳಿ ಮಾಡಿಸಿದ ಹಾಗಿತ್ತು.

ಆ ಶನಿವಾರ ಹ್ಯಾರಿಯೆಟ್ ನಮ್ಮ ಮನೆಗೆ ಬಂದರು. ಊಟದ ಮೇಜಿನ ಮೇಲೆ ಸುರುಳಿ ಬಿಚ್ಚಿ, ಎರಡೂ ಮೂಲೆಗೆ ಉಪ್ಪಿನಕಾಯಿ ಬಾಟಲಿ ಇಟ್ಟು, ಅಮ್ಮ ಚಾರ್ವಿಯ ಸ್ಕೆಚ್ ಪೆನ್ನು ಹಿಡಿದು ನಿಂತಳು. ಅವಳು ಕನ್ನಡದಲ್ಲಿ ಬರೆಯುವುದು, ಅದರ ಕೆಳಗೆ ಚಾರ್ವಿ ಇಂಗ್ಲಿಷಿನಲ್ಲಿ ಬರೆಯುವುದು ಎಂದು ಏರ್ಪಾಡಾಯಿತು. ಮೊದಲು ಅಂಚಿನಲ್ಲಿ ಮಾದರಿಗೆಂದು ನಮ್ಮದು. ದುಗ್ಗಮ್ಮನಿಂದ ಶುರುವಾಗಿ ಅಮ್ಮನವರೆಗೆ, ಅಕ್ಕನವರೆಗೆ, ಅಕ್ಕನ ಇಬ್ಬರು ಹೆಣ್ಣುಮಕ್ಕಳವರೆಗೆ. ನಮ್ಮಲ್ಲಿ ಇದು ಸೀರೆ ಬಿಚ್ಚಿ ಒಣಗಿಸಿದ ಹಾಗೆ ಮೇಲಿಂದ ಕೆಳಗೆ ಇಳಿಯುತ್ತದೆ ಎಂದು ಅಮ್ಮ ನನ್ನ ಬಾಯಿಂದ ಹೇಳಿಸಿದಳು.

“ಈಗ ನಿಮ್ದ್. ಪ್ರೂಡೆನ್ಸನ್ ಅಬ್ಬಿ ಯಾರ್?” ಎಂದಳು. ಅಬ್ಬಿ ಎಂದರೆ ನಮ್ಮ ಕಡೆ ಅಮ್ಮ.

ಓಕ್ ಮರದಲ್ಲಿ ಗವರ್ನರನ ಅತ್ತೆಗೆ ಜಾಗವಿಲ್ಲ. ಅವಳ ಹೆಸರು ಹ್ಯಾರಿಯೆಟ್‌ಗೆ ಹೇಗೆ ಗೊತ್ತಿರಬೇಕು ಎಂದುಕೊಂಡೇ ನಾನು ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಮಕ್ಕಳು ಪದ್ಯ ಒಪ್ಪಿಸುವ ಹಾಗೆ, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿಕೊಂಡು, “ಮರ್ಸಿ, ಪ್ರೂಡೆನ್ಸ್, ಅಬಿಗೇಲ್, ಲಿಡಿಯಾ, ಕ್ಲಾರಾ, ಹ್ಯಾರಿಯೆಟ್” ಎಂದರು. ಕಣ್ಣು ಬಿಟ್ಟು ನಾಚಿದರು. “ಅಮ್ಮ ನನ್ನ ತಲೆ ಬಾಚುವಾಗ ಹೇಳಿಸುತ್ತಿದ್ದಳು. ನೋವು ಮರೆಯಲಿ ಅಂತ. ಎಷ್ಟೋ ವರ್ಷದಿಂದ ಇದನ್ನು ಬಾಯಲ್ಲಿ ಹೇಳಿರಲಿಲ್ಲ.”

ನಾನು ಅನುವಾದಿಸಲು ಹೋದೆ. ಅನುವಾದ ಬೇಕಾಗಲೇ ಇಲ್ಲ. ಅವರು ತಲೆ ಹಿಂದಕ್ಕೆ ವಾಲಿಸಿದ್ದನ್ನು ನೋಡಿಯೇ ಅಮ್ಮನಿಗೆ ಗೊತ್ತಾಗಿತ್ತು. ಅವಳು ಪೆನ್ನು ಕೆಳಗಿಟ್ಟು, ಹ್ಯಾರಿಯೆಟ್ ಅವರ ಬಿಳಿ ಕೂದಲಿನ ಮೇಲೆ ಒಮ್ಮೆ ಕೈಯಾಡಿಸಿ, “ದುಗ್ಗಮ್ಮ, ಅಕ್ಕಣಿ, ಮುತ್ತಕ್ಕ, ಗುಲಾಬಿ” ಎಂದಳು. ಮತ್ತೆ 'ಮರ್ಸಿ' ಎಂದು ದಪ್ಪಗೆ ಬರೆದಳು.

ಆಮೇಲೆ ಕೆಲಸ ಭರದಿಂದ ಸಾಗಿತು. ಪ್ರೂಡೆನ್ಸಮ್ಮನ ಹೆಸರು ಬಂದಾಗ ಅಮ್ಮ ಕೇಳಿದಳು, ಗಂಡ ಎಂತ ಕೆಲಸದಲ್ಲಿದ್ದ? ಗವರ್ನರ್ ಎಂದೆವು. ಅಮ್ಮ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಗಂಡನಿಗೆ ಸರಕಾರಿ ಕೆಲಸ’ ಎಂದು ಬರೆದಳು. ಚಾರ್ವಿ ಅದನ್ನು ಅಷ್ಟೇ ಶ್ರದ್ಧೆಯಿಂದ ಇಂಗ್ಲಿಷಿಗೆ ಇಳಿಸಿದಳು. ಜೋಸೈಯಾ ಎಂಬ ಹೆಸರನ್ನು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಸೆನೆಟರ್ ನಥಾನಿಯಲ್‌ಗೆ ಜಾಗ ಸಿಕ್ಕಿತು, ಪ್ರೂಡೆನ್ಸಮ್ಮನ ಮಗನಲ್ಲವೇ. ನಥಾನಿಯಲ್, ಮುಂದೆ ಒಂದು ಗೀಟು. ಅದನ್ನು ಎಳೆಯುವಾಗ ಹ್ಯಾರಿಯೆಟ್ ಮುಖ ನೋಡಬೇಕಿತ್ತು ನೀವು.

ಅಬಿಗೇಲ್, ಲಿಡಿಯಾ, ಕ್ಲಾರಾ ಎಲ್ಲ ಇಳಿದು ಬಂದು, ಕೊನೆಗೆ ‘ಹ್ಯಾರಿಯೆಟ್, ಗಂಡನಿಗೆ ರೈಲ್ವೆ ಕೆಲಸ’ ಎಂದಾಯಿತು. ಹ್ಯಾರಿಯೆಟ್ ತಮ್ಮ ಹೆಸರಿನ ಕೆಳಗಿನ ಬಿಳಿಯನ್ನೇ ನೋಡುತ್ತ, “ಇನ್ನು ಇಲ್ಲಿ ನೀವೂ ಗೀಟೇ ಹಾಕಬೇಕಾಗುತ್ತೆ” ಎಂದರು.

ಅಮ್ಮ ಪೆನ್ನಿನ ಮುಚ್ಚಳ ಹಾಕಿದಳು. “ಜೀವಂತ ಇಪ್ಪ ಮನ್ಷ್ರಿಗ್ ಯಾರಾರೂ ಗೀಟ್ ಹಾಕ್ತ್ರಾ? ಕಾಗ್ದ ಇನ್ನೂ ಇತ್ತಲೆ.” ಉಳಿದ ಸುರುಳಿಯನ್ನು ಕತ್ತರಿಸಲು ನಾನು ಕತ್ತರಿ ಹಿಡಿದು ಬಂದಿದ್ದೆ. ಕೈಗೆ ಒಂದು ಏಟು ಬಿತ್ತು.

ಅಷ್ಟರಲ್ಲಿ ಚಾರ್ವಿ ಅಂಚಿನಲ್ಲಿದ್ದ ನಮ್ಮ ವಂಶದ ಮೇಲೆ ಬೆರಳಾಡಿಸುತ್ತಿದ್ದಳು. ನನ್ನ ಹೆಸರು ಸಿಕ್ಕಿತು. ಮುಂದೆ ಗೀಟು. “ಅಪ್ಪಾ, ಯು ಆರ್ ಅ ಡ್ಯಾಶ್!” ಎಂದು ನಕ್ಕಳು. ಮತ್ತೆ ಹುಡುಕಿ, “ವೇರ್ ಆಮ್ ಐ?” ಎಂದಳು.

“ನೀನ್ ನಿನ್ನ್ ಅಮ್ಮನ್ ಬದಿಗ್ ಬತ್ತೆ ಮಗಾ. ಅಲ್ಲಿ ಬರಿತ್ರ್” ಎಂದಳು ಅಮ್ಮ.

ಸ್ಮಿತಾ ಮೈಸೂರಿನವಳು. ಅವಳ ಮನೆಯಲ್ಲಿ ಎಲ್ಲ ಗೋತ್ರದ ಲೆಕ್ಕ. “ನಮ್ಮ ಕಡೆ ಬರಿಯಲ್ಲ ಅತ್ತೆ. ಮಕ್ಕಳು ಅವರಪ್ಪನ ಮನೇವ್ರು ಅಂತಾರೆ. ಅಷ್ಟೇ ಅಲ್ಲ, ನನ್ನ ಹೆಸರೇ ಇಲ್ಲ ಅಲ್ಲಿ” ಎಂದಳು.

ಅಮ್ಮ ನನ್ನನ್ನು ನೋಡಿದಳು. ನಾನು ಸ್ಮಿತಾಳನ್ನು ನೋಡಿದೆ. ಇಷ್ಟು ವರ್ಷ ಸಂಸಾರ ಮಾಡಿದ ನಮಗೆ ಈ ಸಂಗತಿ ಹೊಳೆದೇ ಇರಲಿಲ್ಲ. ನಮ್ಮವರ ಲೆಕ್ಕದಲ್ಲಿ ಮಗು ಅವರದು, ಅವರ ಲೆಕ್ಕದಲ್ಲಿ ನಮ್ಮದು. “ಸೋ ಐ ಆಮ್ ನೋವೇರ್?” ಎಂದಳು ಚಾರ್ವಿ. ನಾನು ಏನೋ ತಮಾಷೆ ಮಾಡಿದೆ, ಯಾರೂ ನಗಲಿಲ್ಲ. ಅವಳು ಪೆನ್ನುಗಳನ್ನು ಡಬ್ಬಿಗೆ ಹಾಕಿ ಎದ್ದು ಹೋದಳು. ಹ್ಯಾರಿಯೆಟ್ ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದರು. ಕನ್ನಡದಲ್ಲಿ ಆಡಿದ್ದನ್ನು ನಾನು ಅವರಿಗೆ ಅನುವಾದಿಸಲಿಲ್ಲ. ಇಂಗ್ಲಿಷಿನದನ್ನು ಅವರು ಕೇಳಿಯೇ ಇದ್ದರು.

ಸುರುಳಿ ಹ್ಯಾರಿಯೆಟ್ ಮನೆಗೆ ಹೋಯಿತು. ಅವರು ಅದನ್ನು ಫ್ರಂಟ್ ರೂಮಿನಲ್ಲಿ ಓಕ್ ಮರದ ಜಾಗದಲ್ಲಿ ತೂಗುಹಾಕಿದರು. ಕತ್ತರಿಸದೆ ಬಿಟ್ಟ ಭಾಗ ಕೆಳಗೆ ನೆಲದ ಹತ್ತಿರ ಸುತ್ತಿಕೊಂಡು ಕೂತಿತು. ಗವರ್ನರ್ ಸಾಹೇಬರು ಕೆಳಗಿನ ಅಂತಸ್ತಿನ ಟಾಯ್ಲೆಟ್ಟಿಗೆ ವರ್ಗವಾದರು. ಇದು ಅವಮಾನವೇನಲ್ಲ. ಇಲ್ಲಿಯವರು ತಮ್ಮ ಪದವಿ, ಪದಕ, ದೊಡ್ಡವರ ಜೊತೆ ತೆಗೆಸಿಕೊಂಡ ಫೋಟೋಗಳನ್ನು ಅಲ್ಲೇ ತೂಗುಹಾಕುವುದು. ಚಳಿಗಾಲಕ್ಕೆ ಮೊದಲು ಅಮ್ಮ ಊರಿಗೆ ಹೋದಳು. ಕ್ರಿಸ್ಮಸ್ ಹೊತ್ತಿಗೆ ಅಮೆರಿಕದಿಂದ ಹೊಸ ಮರದ ಅಚ್ಚು ಬಂತು. ಅಬಿಗೇಲ್ ಮುಂದಿನ ಗೀಟು ಹಾಗೇ ಇತ್ತು. ಹ್ಯಾರಿಯೆಟ್ ಅದನ್ನು ಒಮ್ಮೆ ನೋಡಿ, ಮಡಚಿ ಬೀರುವಿನಲ್ಲಿಟ್ಟು, ಚಾರ್ವಿಯ ಜೊತೆ ಇಸ್ಪೀಟಿಗೆ ಕೂತರು.

ಇನ್ನು ಎರಡನೆಯ ಪ್ರಶ್ನೆ. ಕಳೆದ ತಿಂಗಳು ಚಾರ್ವಿ ಸೈಕಲ್ಲನ್ನು ಒಳಗೆ ತರುವಾಗ ಹ್ಯಾಂಡಲ್ ತಗುಲಿ ಹಾಲ್‌ವೇಯ ವಾಲ್‌ಪೇಪರ್ ಹರಿಯಿತು. ಸೊಂಟದ ಎತ್ತರದಲ್ಲಿ ಕಿಟಕಿಯಂಥ ಒಂದು ದೊಡ್ಡ ತೂತು. ಅಂಗಡಿಯವರು ಈ ಹಕ್ಕಿಗಳನ್ನು ಈಗ ಮಾಡುವುದಿಲ್ಲ ಎಂದರು. ಭೂಮಿಯ ಮೇಲೆ ಉಳಿದ ಏಕೈಕ ತುಂಡು ಹ್ಯಾರಿಯೆಟ್ ಮನೆಯ ನೆಲದ ಹತ್ತಿರ ಸುರುಳಿಯಾಗಿದೆ. ಬೇಕಾದದ್ದು ಒಂದು ಮೊಳ. ಅಮ್ಮ ಇಲ್ಲ ಎಂಬ ಧೈರ್ಯದಲ್ಲಿ ಕತ್ತರಿ ಜೇಬಿಗಿಟ್ಟುಕೊಂಡು ಹೋದೆ.

“ಧಾರಾಳವಾಗಿ ತಗೊಳ್ಳಿ. ಆದರೆ ಮೇಲಿನ ಹೆಸರಿಂದ ಓದಿಕೊಂಡು ಬನ್ನಿ” ಎಂದರು ಹ್ಯಾರಿಯೆಟ್.

ನಾನು ಬಗ್ಗಿ ಸುರುಳಿ ಬಿಚ್ಚಿದೆ. ಹ್ಯಾರಿಯೆಟ್ ಎಂಬ ಹೆಸರಿನಿಂದ ಒಂದು ಗೆರೆ ಕೆಳಗಿಳಿದಿತ್ತು. ಅದರ ತುದಿಯಲ್ಲಿ ಸೊಟ್ಟ ಸೊಟ್ಟ ಕನ್ನಡ ಅಕ್ಷರಗಳಲ್ಲಿ ‘ಚಾರ್ವಿ’ ಎಂದಿತ್ತು. ನನ್ನ ಮಗಳು ಕನ್ನಡದಲ್ಲಿ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದರ ಕೆಳಗೆ ಇಂಗ್ಲಿಷಿನಲ್ಲಿ, ಮುದಿ ಕೈಯ ನಡುಗುವ ಬರಹದಲ್ಲಿ, ಮತ್ತೆ ಅದೇ ಹೆಸರು.

“ಸ್ಮಿತಾಳನ್ನು ಕೇಳಿದೆ. ಚಾರ್ವಿಯನ್ನು ಕೇಳು ಅಂದಳು. ಚಾರ್ವಿಯನ್ನು ಕೇಳಿದೆ. ಅಜ್ಜಿಯನ್ನು ಕೇಳಬೇಕು ಅಂದಳು” ಎಂದರು ಹ್ಯಾರಿಯೆಟ್. ಇವರೆಲ್ಲ ಸೇರಿ ಕುಂದಾಪುರಕ್ಕೆ ವಿಡಿಯೋ ಕಾಲ್ ಮಾಡಿದ್ದರಂತೆ. ನಮ್ಮ ಕಡೆ ಮನೆತನದಲ್ಲಿ ಹೆಣ್ಣು ಇಲ್ಲದೆ ಹೋದರೆ ಒಂದು ಹೆಣ್ಣುಮಗುವನ್ನು ತಂದು ಸೇರಿಸಿಕೊಳ್ಳುವ ಪದ್ಧತಿ ಹಿಂದಿನಿಂದ ಇದೆ, ಅದಕ್ಕೇ ಅಲ್ಲವೇ ಕಾಗದ ಬಿಟ್ಟದ್ದು ಎಂದಳಂತೆ ಅಮ್ಮ. ಅಕ್ಷರ ಹೇಳಿಕೊಟ್ಟವಳೂ ಅವಳೇ, ಫೋನಿನಲ್ಲಿ, ಒಂದೊಂದಾಗಿ. ನನ್ನನ್ನು ಯಾರೂ ಕೇಳಿರಲಿಲ್ಲ. ಗೀಟುಗಳನ್ನು ಯಾರೂ ಕೇಳುವುದಿಲ್ಲ.

“ಸಾಕಷ್ಟು ಕಾಗದ ಇದೆ, ಕತ್ತರಿಸಿ” ಎಂದರು ಹ್ಯಾರಿಯೆಟ್. ಚಾರ್ವಿಯ ಹೆಸರಿನ ಕೆಳಗೆ ಇನ್ನೂ ಬೇಕಾದಷ್ಟು ಬಿಳಿ ಇತ್ತು. ನಾನು ಕತ್ತರಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಸುರುಳಿಯನ್ನು ಮೊದಲಿನ ಹಾಗೆ ಸುತ್ತಿಟ್ಟು ಎದ್ದೆ. ಒದ್ದೆಯಾದ ಕಣ್ಣನ್ನು ಅವರು ಗಮನಿಸದಿರಲೆಂದು, ಗೋಡೆಯ ತೂತಿನ ಅಳತೆಯನ್ನು ಕೈಯಲ್ಲಿ ತೋರಿಸಿದೆ. ಇಷ್ಟಗಲ, ಇಷ್ಟುದ್ದ. ಹ್ಯಾರಿಯೆಟ್ ಸ್ವಲ್ಪ ಯೋಚಿಸಿ, ಟಾಯ್ಲೆಟ್ಟಿಗೆ ಹೋಗಿ ಗವರ್ನರ್ ಸಾಹೇಬರನ್ನು ತಂದು ನನ್ನ ಕೈಗಿಟ್ಟರು. ಅಳತೆ ಹೇಳಿ ಮಾಡಿಸಿದ ಹಾಗಿತ್ತು.

ಅಂತೂ ಹಾರ್ಕ್‌ವುಡ್ ಮನೆತನ ಈಗ ನಮ್ಮ ಹಾಲ್‌ವೇಯ ತೂತು ಮುಚ್ಚಿಕೊಂಡು ಸೊಂಟದ ಎತ್ತರದಲ್ಲಿ ನೇತಾಡುತ್ತಿದೆ. ಮೊನ್ನೆ ಭಾನುವಾರ ಯುಗಾದಿಯ ಊಟಕ್ಕೆ ಬಂದ ಹೊಸ ಪರಿಚಯದ ದಂಪತಿಗಳು ಎಂದಿನಂತೆ ಒಂದು ಕಾಲಿನ ಶೂ ಬಿಚ್ಚಿ ನಿಂತರು. ನಾನು ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ತುಪ್ಪ ಕಾಯಿಸುತ್ತಿದ್ದೆ. ಬಾಗಿಲು ತೆರೆದವಳು ಚಾರ್ವಿ.

“ಇದು ನಿಮ್ಮ ಫ್ಯಾಮಿಲಿ ಟ್ರೀನಾ ಪುಟ್ಟಿ?” ಎಂದು ಕೇಳುವುದು ಕೇಳಿಸಿತು.

“ನೋ, ದಿಸ್ ಒನ್ ಈಸ್ ಅಪ್ಪಾಸ್” ಎಂದಳು ಅವಳು, ಒಂದಿಷ್ಟೂ ತಡವರಿಸದೆ. “ಮೈನ್ ಈಸ್ ನೆಕ್ಸ್ಟ್ ಡೋರ್.”